ಪರ್ವತಿಯ ಮೆಟ್ಟಿಲು ಹತ್ತಿದ ಮೇಲೆ ಬಿಪಿ 184: ವ್ಯಾಯಾಮ ಎಷ್ಟು ಬಿರುಸಾಗಿರಬೇಕು?

ಸಹಕಾರನಗರದ ಹುಬ್ಬಳ್ಳಿಯವ, ಪುಣೆ

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 54. ಹುಟ್ಟೂರು ಹುಬ್ಬಳ್ಳಿ, ಪುಣೆಗೆ ಬಂದು ಕಾಲು ಶತಮಾನವಾಯಿತು. ಭೋಸರಿಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ದಿನವಿಡೀ ಕುರ್ಚಿ, ಮಾರ್ಚ್ ತಿಂಗಳಲ್ಲಿ ರಾತ್ರಿಯೂ ಕುರ್ಚಿ. ಹೋದ ವರ್ಷದ ತಪಾಸಣೆಯಲ್ಲಿ ಬಿಪಿ 156/98 ಬಂತು. ಅಂದಿನಿಂದ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ. ಈಗ ಬೆಳಿಗ್ಗೆ ಮನೆಯಲ್ಲಿ ನೋಡಿದರೆ 136/86ರ ಆಸುಪಾಸು ಇರುತ್ತದೆ. ಸಕ್ಕರೆ ಕಾಯಿಲೆ ಇಲ್ಲ, ಇಸಿಜಿಯಲ್ಲಿ ದೋಷವಿಲ್ಲ. ಹೊಟ್ಟೆಯ ಸುತ್ತಳತೆಯ ಬಗ್ಗೆ ಮಾತ್ರ ಕೇಳಬೇಡಿ.

ವೈದ್ಯರು "ವ್ಯಾಯಾಮ ಮಾಡಿ" ಎಂದರು. ಎಂಥದ್ದು, ಎಷ್ಟು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಮುಂದಿನವರ ಹೆಸರು ಕೂಗಿಯಾಗಿತ್ತು. ಸರಿ, ಮನೆಗೆ ಹತ್ತಿರ ಎಂದು ಪರ್ವತಿ ಗುಡ್ಡ ಹತ್ತತೊಡಗಿದೆ. ನೋಡದವರಿಗೆ ಹೇಳುತ್ತೇನೆ: ಅಗಲವಾದ ಕಲ್ಲಿನ ಮೆಟ್ಟಿಲುಗಳು, ನೂರು ಚಿಲ್ಲರೆ ಇವೆ, ತುದಿಯಲ್ಲಿ ಪೇಶ್ವೆಯವರ ಕಾಲದ ದೇವಸ್ಥಾನ. ಬೆಳಗಿನ ಜಾವ ಹತ್ತುವವರಲ್ಲಿ ಎಪ್ಪತ್ತು ದಾಟಿದ ಅಜ್ಜಂದಿರೇ ಹೆಚ್ಚು. ಒಂದು ಮಾತೂ ಆಡದೆ ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ.

ಮೊನ್ನೆ ಭಾನುವಾರ ನಮ್ಮ ಗುಂಪಿನ ಮರಾಠಿ ಕಾಕಾ ಒಬ್ಬರು ಮಗ ಕೊಡಿಸಿದ ಹೊಸ ಡಿಜಿಟಲ್ ಬಿಪಿ ಯಂತ್ರವನ್ನು ಚೀಲದಲ್ಲಿ ತಂದಿದ್ದರು. ಮೇಲೆ ತಲುಪಿದೊಡನೆ, ನಾನಿನ್ನೂ ಏದುಸಿರು ಬಿಡುತ್ತ ನಿಂತಿರುವಾಗಲೇ, ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದರು. 184/86 ಎಂದು ತೋರಿಸಿತು. "ಬಾಪ್ ರೇ" ಎಂದವರೇ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕುಡಿಸಿ, ಕೈ ಹಿಡಿದು ಇಳಿಸಿಕೊಂಡು ಬಂದರು. ಅಂದಿನಿಂದ ಮನೆಯಲ್ಲಿ ನನಗೆ ತರಕಾರಿ ಚೀಲ ಎತ್ತಲೂ ಬಿಡುತ್ತಿಲ್ಲ.

ಈಗ ಎತ್ತು ಏರಿಗೆ, ಕೋಣ ನೀರಿಗೆ. ಕಾಕಾ ಪ್ರಕಾರ ಇನ್ನು ಮುಂದೆ ಸಮತಟ್ಟಾದ ನೆಲದಲ್ಲಿ ನಿಧಾನ ನಡಿಗೆ ಮಾತ್ರ. ಹಿಂಜೆವಾಡಿಯಲ್ಲಿರುವ ಅಣ್ಣನ ಮಗ ಜಿಮ್‌ಗೆ ಹೋಗುವವನು. "ಕಾಕಾ, ಅರ್ಧ ನಿಮಿಷ ಜೀವ ಬಿಟ್ಟು ಓಡು, ಒಂದು ನಿಮಿಷ ನಡೆ, ಮತ್ತೆ ಓಡು, ಬಿಪಿ ತಾನಾಗಿ ಇಳಿಯುತ್ತದೆ" ಎನ್ನುತ್ತಾನೆ. ನನ್ನಾಕೆಯ ಮೊಬೈಲಿಗೆ ಬಂದ ವಿಡಿಯೊ ಪ್ರಕಾರ ಎರಡೂ ಬೇಡ, ಗೋಡೆಗೆ ಬೆನ್ನು ಒತ್ತಿ ಕುರ್ಚಿಯಿಲ್ಲದೆ ಕುಳಿತರೆ ಸಾಕು. ಮೂರೂ ಏಕಕಾಲಕ್ಕೆ ನಿಜವಾಗಲು ಸಾಧ್ಯವೆ? ಆ 184ಕ್ಕೆ ನಾನು ಹೆದರಬೇಕೆ? ಬಿಪಿ ಇಳಿಸುವುದು ನಿಧಾನದ ವ್ಯಾಯಾಮವೋ ಜೋರಿನದೋ? ತಿಳಿದವರು ತಿಳಿಸಿ.

ಠಾಣೆಯ ಹೋಟೆಲಿಗ

ಅಣ್ಣಾ, 184 ಎಂದರೆ ಆಟವಲ್ಲ. ಮೆಟ್ಟಿಲಿನ ಸಹವಾಸವೇ ಬೇಡ. ನಮ್ಮ ಭಾವನಿಗೂ ಹೀಗೇ ಏರುತ್ತಿತ್ತು, ಈಗ ಅವರು ಊಟವಾದ ಮೇಲೆ ಮನೆಯ ಪಡಸಾಲೆಯಲ್ಲೇ ಆಚೀಚೆ ಓಡಾಡುತ್ತಾರೆ, ಆರಾಮವಾಗಿದ್ದಾರೆ. ಬಿಪಿ ಇರುವವರು ಮೈ ದಣಿಸಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬೆಳ್ಳುಳ್ಳಿಯನ್ನೂ ತಿಂದು ನೋಡಿ.

ಮಾಟುಂಗಾದ ಅಕ್ಕ

ಠಾಣೆಯ ತಮ್ಮಾ, ಹೆದರಿದವರ ಮೇಲೆ ಹಾವು ಎಸೆಯಬೇಡಿ. ನಾನು ಮುಂಬಯಿಯ ಒಂದು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಿಂದ ನಿವೃತ್ತಳಾದವಳು. ಹೃದಯಾಘಾತವಾದವರನ್ನು, ಬೈಪಾಸ್ ಮಾಡಿಸಿಕೊಂಡವರನ್ನು ಮತ್ತೆ ನಡೆಸುವುದು, ಮೆಟ್ಟಿಲು ಹತ್ತಿಸುವುದೇ ನನ್ನ ಕೆಲಸವಾಗಿತ್ತು. ಕುಂದಾಪುರದವಳು, ಮಾತು ಸ್ವಲ್ಪ ಖಾರ. ಹೊಟ್ಟೆಗೆ ಹಾಕಿಕೊಳ್ಳಿ.

ಹುಬ್ಬಳ್ಳಿಯವರೇ, 184/86ರಲ್ಲಿ ನಿಮ್ಮ ಗುಂಪಿನವರೆಲ್ಲ ಮೇಲಿನ ಅಂಕಿ ನೋಡಿ ಗಾಬರಿಯಾದರು. ಕೆಳಗಿನ 86ನ್ನು ಯಾರೂ ನೋಡಲೇ ಇಲ್ಲ. ಮೆಟ್ಟಿಲು ಹತ್ತುವಾಗ ತೊಡೆಯ, ಮೀನಖಂಡದ ಸ್ನಾಯುಗಳು ರಕ್ತ ಕೇಳುತ್ತವೆ. ಹೃದಯ ಜೋರಾಗಿ ತಳ್ಳುತ್ತದೆ, ಮೇಲಿನ ಅಂಕಿ ಏರುತ್ತದೆ. ಅದೇ ಹೊತ್ತಿಗೆ ಆ ಸ್ನಾಯುಗಳೊಳಗಿನ ರಕ್ತನಾಳಗಳು ಹಿಗ್ಗುವುದರಿಂದ ಕೆಳಗಿನ ಅಂಕಿ ಇದ್ದಲ್ಲೇ ಇರುತ್ತದೆ ಅಥವಾ ತುಸು ಇಳಿಯುತ್ತದೆ. ನಿಮ್ಮದು ಇದ್ದಲ್ಲೇ ಇದೆ. ಆಗಬೇಕಾದದ್ದೇ ಆಗಿದೆ.

ಎಷ್ಟು ಏರಿದರೆ ಸಹಜ ಎಂಬುದಕ್ಕೂ ಲೆಕ್ಕವಿದೆ. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಮೆಟ್ ಎನ್ನುತ್ತೇವೆ. ಬಿರುನಡಿಗೆ 4 ಮೆಟ್ ಚಿಲ್ಲರೆ, ಮೆಟ್ಟಿಲನ್ನು ನಿಧಾನವಾಗಿ ಹತ್ತಿದರೂ 4, ದಡದಡನೆ ಹತ್ತಿದರೆ ಸುಮಾರು 9. ಒಂದೊಂದು ಮೆಟ್ ಏರಿದಾಗಲೂ ಮೇಲಿನ ಅಂಕಿ ಸುಮಾರು 10 ಏರುವುದು ಸಹಜ. ನಿಮ್ಮ 136ಕ್ಕೆ ನೀವೇ ಕೂಡಿಸಿ ನೋಡಿ, ಲೆಕ್ಕಪತ್ರದವರಿಗೆ ನಾನು ಹೇಳಿಕೊಡಬೇಕೆ? ಆಸ್ಪತ್ರೆಯ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಮೇಲಿನದು 250 ಅಥವಾ ಕೆಳಗಿನದು 115 ದಾಟಿದಾಗ ಬಿಪಿಯ ಕಾರಣಕ್ಕೆ ಯಂತ್ರ ನಿಲ್ಲಿಸುತ್ತೇವೆ. 184ಕ್ಕೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ.

ಇನ್ನು ಆ ಯಂತ್ರದ ಮಾತು. ತೋಳಿನ ಪಟ್ಟಿಯೊಳಗಿನ ಸಣ್ಣ ಮಿಡಿತಗಳನ್ನು ಹಿಡಿದು ಅದು ಲೆಕ್ಕ ಹಾಕುತ್ತದೆ. ನೀವು ಏದುಸಿರು ಬಿಡುತ್ತ ಅಲುಗಾಡುತ್ತಿದ್ದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ಕೈ ಜೋತುಬಿದ್ದು ಪಟ್ಟಿ ಹೃದಯದ ಮಟ್ಟಕ್ಕಿಂತ ಕೆಳಗೆ ಹೋದರೆ ಅಂಕಿ ಇನ್ನೂ ಮೇಲೆ ಹೋಗುತ್ತದೆ. ಬಿಪಿ ಎಂದು ನಾವು ಚಿಕಿತ್ಸೆ ಕೊಡುವುದು ವಿಶ್ರಾಂತಿಯಲ್ಲಿರುವ ಅಂಕಿಗೆ. ಅದನ್ನು ನೋಡುವ ಕ್ರಮವೇ ಬೇರೆ. ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ, ತಂಬಾಕು, ವ್ಯಾಯಾಮ ಯಾವುದೂ ಇರಬಾರದು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಮನೆಯಲ್ಲಿ ಹೀಗೆ ನೋಡಿದಾಗ ಸರಾಸರಿ 135/85ಕ್ಕಿಂತ ಕೆಳಗಿರಬೇಕು. ನೀವು ಗೆರೆಯ ಮೇಲೆಯೇ ಇದ್ದೀರಿ, ಆ ವಿಷಯವನ್ನು ಗಮನದಲ್ಲಿಡಿ. ಪರ್ವತಿಯ ತುದಿಯ ಅಂಕಿಯನ್ನು ಅಲ್ಲೇ ಬಿಟ್ಟು ಬನ್ನಿ.

ನಿಮ್ಮ ಕಾಕಾ ಯಂತ್ರವನ್ನು ಮೇಲೆ ತರುವ ಬದಲು, ಇಳಿದು ಬಂದು ಒಂದು ಗಂಟೆಯ ನಂತರ ನಿಮ್ಮ ಮನೆಗೆ ತಂದಿದ್ದರೆ ಬೇರೆಯದೇ ಸುದ್ದಿ ಸಿಗುತ್ತಿತ್ತು. ವ್ಯಾಯಾಮ ಮುಗಿದ ಮೇಲೆ ರಕ್ತನಾಳಗಳು ಕೆಲವು ಗಂಟೆ ಹಿಗ್ಗಿಯೇ ಇರುತ್ತವೆ. ಬಿಪಿ ಇರುವವರಲ್ಲಿ ಆಗ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 7 ಇಳಿದಿರುತ್ತದೆ, ಕೆಲವರಲ್ಲಿ ಹೆಚ್ಚುಕಡಿಮೆ ಒಂದು ದಿನದವರೆಗೆ ಆ ಇಳಿಕೆ ಉಳಿಯುತ್ತದೆ. ಭಾನುವಾರ ಒಂದೇ ದಿನ ಸಿಂಹಗಡ ಹತ್ತಿ ಬಂದು ಉಳಿದ ಆರು ದಿನ ಮಲಗುವುದಕ್ಕಿಂತ ವಾರದ ಹೆಚ್ಚಿನ ದಿನಗಳಲ್ಲಿ ಸ್ವಲ್ಪ ಸ್ವಲ್ಪ ಮಾಡಿ ಎಂದು ಹೇಳುವುದು ಇದಕ್ಕೇ.

ಬಿರುಸು ಎಷ್ಟಿರಬೇಕು ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಟ್ರೆಡ್‌ಮಿಲ್ ಪಕ್ಕದಲ್ಲಿ ನಿಂತು ನಾನು ರೋಗಿಗಳ ಮನೆಯ ವಿಳಾಸ ಕೇಳುತ್ತಿದ್ದೆ. ಮುಂಬಯಿಯ ವಿಳಾಸ ಎಂದರೆ ಗೊತ್ತಲ್ಲ: ಖೋಲಿಯ ಸಂಖ್ಯೆ, ಚಾಳಿನ ಹೆಸರು, ಯಾವುದೋ ದೇವಸ್ಥಾನದ ಹಿಂದೆ, ಯಾವುದೋ ಮಿಲ್ಲಿನ ಎದುರು, ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ, ಕೊನೆಗೆ ಪಿನ್ ಕೋಡ್. ಪಿನ್ ಕೋಡ್‌ವರೆಗೂ ಸರಾಗವಾಗಿ ಬಂದು, ಹಾಡು ಎಂದರೆ ಹಾಡಿಯೂ ಬಿಟ್ಟರೆ ಅದು ಹಗುರ ವ್ಯಾಯಾಮ, ವೇಗ ಹೆಚ್ಚಿಸುತ್ತಿದ್ದೆ. ವಿಳಾಸ ಹೇಳಬಲ್ಲರು, ಆದರೆ ಚಾಳಿನ ಹೆಸರಿನ ನಂತರ ಒಮ್ಮೆ ಉಸಿರು ತೆಗೆದುಕೊಳ್ಳಬೇಕು, ಹಾಡಲು ಸಾಧ್ಯವಿಲ್ಲ ಎಂದಾದರೆ ಮಧ್ಯಮ. "ಪರೇಲ್... ಗಲ್ಲಿ... ಎರಡು..." ಎಂದು ತುಂಡುತುಂಡಾಗಿ ಬಂದರೆ ಜೋರು. ಹೃದಯ ಬಡಿತದ ಲೆಕ್ಕದಲ್ಲಿ ಬೇಕಾದರೆ 220ರಿಂದ ವಯಸ್ಸನ್ನು ಕಳೆಯಿರಿ, ನಿಮಗೆ 166. ಅದರ ಶೇಕಡಾ 64ರಿಂದ 76, ಅಂದರೆ ನಿಮಿಷಕ್ಕೆ ಸುಮಾರು 106ರಿಂದ 126 ಬಡಿತ ಮಧ್ಯಮ, ಅದರಾಚೆ ಜೋರು. ಈ ಸೂತ್ರ ಹತ್ತು ಹನ್ನೆರಡು ಬಡಿತ ಅತ್ತಿತ್ತ ತಪ್ಪುವುದು ಮಾಮೂಲು. ನಾನಂತೂ ವಿಳಾಸವನ್ನೇ ಹೆಚ್ಚು ನಂಬುತ್ತೇನೆ.

ನಮ್ಮ ಫೈವ್ ಗಾರ್ಡನ್ಸ್‌ನಲ್ಲಿ ಸಂಜೆ ಮೊಬೈಲ್ ಕಿವಿಗಿಟ್ಟುಕೊಂಡು ಅರ್ಧ ಗಂಟೆ ಮಾತಾಡುತ್ತ ತಿರುಗುವವರಿದ್ದಾರೆ. ಅದಕ್ಕೆ ಗಾಳಿ ಸೇವನೆ ಎಂದು ಹೆಸರು. ಕುರ್ಚಿಯಲ್ಲಿ ಕೂರುವುದಕ್ಕಿಂತ ಮೇಲು, ಅಷ್ಟೇ. ಠಾಣೆಯವರ ಭಾವನ ಪಡಸಾಲೆ ಓಡಾಟವೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಅಣ್ಣನ ಮಗ ಹೇಳಿದ ಓಟದ ವಿಷಯ. 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. 270 ಪ್ರಯೋಗಗಳು, ಸುಮಾರು 15,800 ಜನ. ನಡಿಗೆ, ಓಟ, ಸೈಕಲ್‌ನಂತಹ ವ್ಯಾಯಾಮದಿಂದ ವಿಶ್ರಾಂತಿಯ ಮೇಲಿನ ಅಂಕಿ ಸರಾಸರಿ 4.5ರಷ್ಟು ಇಳಿದಿತ್ತು. ಭಾರ ಎತ್ತುವುದರಿಂದಲೂ 4.5. ಎರಡನ್ನೂ ಸೇರಿಸಿ ಮಾಡಿದವರಲ್ಲಿ 6. ಜೀವ ಬಿಟ್ಟು ಓಡಿ ಮಧ್ಯೆ ಮಧ್ಯೆ ಸುಧಾರಿಸಿಕೊಳ್ಳುವ ಕ್ರಮದಿಂದ 4. ಅಂದರೆ ನಿಮ್ಮ ಹುಡುಗನ ಓಟಕ್ಕೂ ಸಾಧಾರಣ ಬಿರುನಡಿಗೆಗೂ ಬಿಪಿಯ ಮಟ್ಟಿಗೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಓಟದಿಂದ ದಮ್ಮು ಹೆಚ್ಚು ಬೆಳೆಯುತ್ತದೆ, ಸಮಯ ಉಳಿಯುತ್ತದೆ, ಅದು ನಿಜ. ವಾರಕ್ಕೆ 150 ನಿಮಿಷದ ಮಧ್ಯಮ ವ್ಯಾಯಾಮದ ಬದಲು 75 ನಿಮಿಷದ ಜೋರು ವ್ಯಾಯಾಮ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ 54ರ ವಯಸ್ಸಿನ, ವರ್ಷಗಟ್ಟಲೆ ಕುರ್ಚಿಯಲ್ಲಿದ್ದ ಮನುಷ್ಯ ಮೊದಲ ದಿನವೇ ಅದಕ್ಕೆ ಇಳಿಯಬಾರದು. ವಿಶ್ರಾಂತಿಯಲ್ಲೇ 160 ಮೀರಿದವರು ಬಿಪಿ ಹಿಡಿತಕ್ಕೆ ಬರುವ ತನಕ ಜೋರಿನ ವ್ಯಾಯಾಮ ಮಾಡಕೂಡದು ಎಂಬುದು ಯುರೋಪಿನ ಹೃದ್ರೋಗ ತಜ್ಞರ ಸಲಹೆ. ನಿಮಗೆ ಆ ಅಡ್ಡಿಯಿಲ್ಲ. ಆದರೂ ಮೊದಲು ಮಧ್ಯಮ ವ್ಯಾಯಾಮ ಅಭ್ಯಾಸವಾಗಲಿ. ಆಮೇಲೆ ಪರ್ವತಿಯಲ್ಲೇ ಹತ್ತು ಮೆಟ್ಟಿಲು ಜೋರಾಗಿ, ಹತ್ತು ನಿಧಾನವಾಗಿ ಹತ್ತಿ. ಅವನ ಮಾತೂ ನಡೆಸಿದಂತಾಗುತ್ತದೆ.

ನಿಮ್ಮ ಮನೆಯವರ ವಿಡಿಯೊವನ್ನು ನಗಬೇಡಿ. ಅದೇ ವಿಶ್ಲೇಷಣೆಯಲ್ಲಿ ಅತಿ ಹೆಚ್ಚು ಇಳಿಕೆ ಕಂಡದ್ದು ಗೋಡೆ ಬೈಠಕ್‌ನಂತಹ, ಅಲುಗಾಡದೆ ಬಿಗಿ ಹಿಡಿಯುವ ವ್ಯಾಯಾಮಗಳಲ್ಲಿ: ಮೇಲಿನದು 8, ಕೆಳಗಿನದು 4. ಬಿಗಿದ ಸ್ನಾಯು ರಕ್ತನಾಳವನ್ನು ಅದುಮುತ್ತದೆ, ಬಿಟ್ಟಾಗ ರಕ್ತ ನುಗ್ಗುತ್ತದೆ, ನಾಳಗಳು ಹಿಗ್ಗಲು ಕಲಿಯುತ್ತವೆ ಎಂಬುದು ಒಂದು ವಿವರಣೆ. ಈ ಬಗೆಯ ಪ್ರಯೋಗಗಳು ಸಂಖ್ಯೆಯಲ್ಲಿ ಕಡಿಮೆ, ಆದ್ದರಿಂದ ಆ 8ನ್ನು ನಾನು ಸ್ವಲ್ಪ ಚೌಕಾಸಿ ಮಾಡಿಯೇ ಒಪ್ಪುತ್ತೇನೆ. ಹೊಟ್ಟೆ ಕರಗಿಸಲು, ದಮ್ಮು ಬೆಳೆಸಲು ಗೋಡೆ ಸಾಲದು, ನಡೆಯಲೇಬೇಕು. ಒಂದು ಎಚ್ಚರ: ಬಿಗಿ ಹಿಡಿದಿರುವಾಗ ಕೆಳಗಿನ ಅಂಕಿಯೂ ಏರುತ್ತದೆ. ಬಾಯಿ ಮುಚ್ಚಿ ಉಸಿರು ಹಿಡಿದರೆ ಇನ್ನೂ ಏರುತ್ತದೆ. 1985ರಲ್ಲಿ ಕೆನಡಾದ ಸಂಶೋಧಕರು ಐವರು ದೇಹದಾರ್ಢ್ಯ ಪಟುಗಳ ತೋಳಿನ ಅಪಧಮನಿಯೊಳಗೇ ನಳಿಕೆ ಇಟ್ಟು, ಕಾಲಿನಿಂದ ಭಾರ ತಳ್ಳುವಾಗ ಬಿಪಿ ಅಳೆದರು. ಸರಾಸರಿ 320/250 ಬಂತು. ಒಬ್ಬನದು 480/350 ದಾಟಿತು. ಕ್ಷಣಮಾತ್ರದ ಏರಿಕೆ, ಅವರಿಗೆ ಏನೂ ಆಗಲಿಲ್ಲ, ಆದರೆ ಬಿಪಿ ಇರುವವರು ಅನುಕರಿಸುವ ಅಂಕಿ ಅಲ್ಲ. ಬೈಠಕ್ ಆಗಲಿ, ಡಂಬೆಲ್ ಆಗಲಿ, ಬಾಯಲ್ಲಿ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತಿರಿ. ಎಣಿಸುವವರು ಉಸಿರು ಕಟ್ಟಲಾರರು.

ಇನ್ನೊಂದು. ಮೇಲೆ ತಲುಪಿದವರನ್ನು ತಟ್ಟನೆ ಕೂರಿಸಬಾರದು. ಕಾಲಿನಲ್ಲಿ ರಕ್ತ ನಿಂತು ತಲೆ ಸುತ್ತು ಬರುತ್ತದೆ. ಹತ್ತಿದ ಮೇಲೆ ದೇವರಿಗೆ ನಿಧಾನವಾಗಿ ಕೆಲವು ಪ್ರದಕ್ಷಿಣೆ ಹಾಕಿ, ದೇವರ ಕೆಲಸವೂ ಆಯಿತು, ರಕ್ತನಾಳದ ಕೆಲಸವೂ ಆಯಿತು.

ಎದೆ ಒತ್ತಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ವಿಶ್ರಾಂತಿಯಲ್ಲಿ 180/110 ತೋರಿಸಿದ ದಿನ ವ್ಯಾಯಾಮ ಬೇಡ, ವೈದ್ಯರನ್ನು ಕಾಣಿ. ಬೆಳ್ಳುಳ್ಳಿಯನ್ನು ಸಾರಿಗೆ ಹಾಕಿ.

ಠಾಣೆಯ ಹೋಟೆಲಿಗ

ಅಕ್ಕಾ, ಬೆಳ್ಳುಳ್ಳಿಯ ವಿಷಯದಲ್ಲಿ ನಾನು ಸೋಲುವುದಿಲ್ಲ. ಉಳಿದದ್ದನ್ನು ಭಾವನಿಗೆ ಕಳಿಸಿದ್ದೇನೆ.

ವಾಸ್ಕೋದ ಬಾಗಲಕೋಟೆ ಹುಡುಗ, ಗೋವಾ

ಅಕ್ಕಾ, ನಡುವೆ ಬಂದದ್ದಕ್ಕೆ ಬೇಸರಪಡಬೇಡಿ. ನನಗೆ 41. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ, ಹತ್ತು ತಾಸು ನಿಂತೇ ಇರುತ್ತೇನೆ, ಅಕ್ಕಿ ಮೂಟೆ, ಸಿಲಿಂಡರ್ ಎಲ್ಲ ಎತ್ತುತ್ತೇನೆ. ಆದರೂ ಬಿಪಿ ಬಂತು. ಮೆಟೊಪ್ರೊಲಾಲ್ ಕೊಟ್ಟಿದ್ದಾರೆ, ಜೊತೆಗೆ ಮೂತ್ರ ಹೆಚ್ಚಿಸುವ ಒಂದು ಸಣ್ಣ ಮಾತ್ರೆ. ರಜೆಯ ದಿನ ಬೋಗ್ಮಾಳೊ ಕಡಲತೀರದ ಮರಳಿನಲ್ಲಿ ನಡೆಯುತ್ತೇನೆ. ಮೈಯೆಲ್ಲ ಬೆವರಿ ಮಾತು ತುಂಡಾಗುತ್ತದೆ, ಆದರೆ ಕೈಗಡಿಯಾರದಲ್ಲಿ ಬಡಿತ 105 ದಾಟುವುದೇ ಇಲ್ಲ. ಗಡಿಯಾರ ನನ್ನನ್ನು ಸೋಮಾರಿ ಎನ್ನುತ್ತಿದೆ. ಇನ್ನೂ ಜೋರು ಮಾಡಬೇಕೆ? ಮತ್ತೆ ಕೆಲಸದ ದಣಿವು ವ್ಯಾಯಾಮದ ಲೆಕ್ಕಕ್ಕೆ ಬರುವುದಿಲ್ಲವೆ?

ಮಾಟುಂಗಾದ ಅಕ್ಕ

ತಮ್ಮಾ, ಗಡಿಯಾರಕ್ಕೆ ನಿಮ್ಮ ಮಾತ್ರೆಯ ಸುದ್ದಿ ಗೊತ್ತಿಲ್ಲ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಮಾತ್ರೆಗಳು ಹೃದಯ ಬಡಿತಕ್ಕೇ ಕಡಿವಾಣ ಹಾಕುತ್ತವೆ. 220ರ ಸೂತ್ರ ನಿಮಗೆ ಅನ್ವಯಿಸುವುದಿಲ್ಲ. ಮಾತು ತುಂಡಾಗುತ್ತಿದೆ ಎಂದರೆ ನೀವು ಆಗಲೇ ಜೋರಿನ ಮಟ್ಟದಲ್ಲಿದ್ದೀರಿ, ವೇಗ ಇಳಿಸಿ. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಅಲೆ ಬಂದು ಹೋದ ಒದ್ದೆ ಮರಳಿನ ಅಂಚಿನಲ್ಲಿ ನಡೆಯಿರಿ, ಮಧ್ಯಮಕ್ಕೆ ಬರುತ್ತದೆ. ಬಡಿತ ಏರುತ್ತಿಲ್ಲವೆಂದು ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಈ ಜಾತಿಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಬಿಪಿ, ಬಡಿತ ಎರಡೂ ಚಿಮ್ಮುತ್ತವೆ.

ಮೂತ್ರದ ಮಾತ್ರೆ ಮತ್ತು ಗೋವಾದ ಮೇ ತಿಂಗಳು ಒಟ್ಟಿಗೆ ಸೇರಿದರೆ ಮೈಯ ನೀರು ಬೇಗ ಖಾಲಿಯಾಗುತ್ತದೆ. ಬಿಸಿಲೇರುವ ಮೊದಲು ನಡೆದು ಮುಗಿಸಿ, ನೀರು ಕುಡಿಯಿರಿ, ಎದ್ದಾಗ ತಲೆ ಸುತ್ತುತ್ತಿದ್ದರೆ ವೈದ್ಯರಿಗೆ ಹೇಳಿ.

ಅಡುಗೆಮನೆಯ ದುಡಿಮೆ ನಿಜವಾದ ದುಡಿಮೆಯೇ. ಆದರೆ ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುವುದು, ನಡುವೆ ಸಿಕ್ಕಾಪಟ್ಟೆ ಭಾರ ಎತ್ತುವುದು, ವಿಶ್ರಾಂತಿಗೆ ಬಿಡುವೇ ಇಲ್ಲದಿರುವುದು ಹೃದಯಕ್ಕೆ ನಡಿಗೆಯಷ್ಟು ಉಪಕಾರ ಮಾಡುವುದಿಲ್ಲ. ಕೆಲಸದ ಶ್ರಮ ಮತ್ತು ಬಿಡುವಿನ ವ್ಯಾಯಾಮ ಬೇರೆ ಬೇರೆ ಫಲ ಕೊಡುವುದನ್ನು ಹಲವು ಅಧ್ಯಯನಗಳು ಕಂಡಿವೆ. ದುಡಿಯುವವರಿಗೆ ಇದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ, ಆದರೆ ರಕ್ತನಾಳ ನ್ಯಾಯ ನೋಡುವುದಿಲ್ಲ. ಸಿಲಿಂಡರ್ ಎತ್ತುವಾಗ ಉಸಿರು ಬಿಡುತ್ತ ಎತ್ತಿ. ಮತ್ತೆ, ಅಡುಗೆಯವರು ದಿನವಿಡೀ ರುಚಿ ನೋಡುತ್ತೀರಲ್ಲ, ಆ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಕ್ಕೆ 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ.

ಕುರ್ಲಾದ ನಿವೃತ್ತ ಕಂಡಕ್ಟರ್

ಅಕ್ಕನವರು ಕೆಲಸದ ಶ್ರಮ ಲೆಕ್ಕಕ್ಕಿಲ್ಲ ಎಂದಾಗ ಸುಮ್ಮನಿರಲು ಆಗಲಿಲ್ಲ. ನಾನು ಮುಂಬಯಿಯ ನಗರ ಸಾರಿಗೆಯ ಬೆಸ್ಟ್ ಸಂಸ್ಥೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಡಬಲ್ ಡೆಕ್ಕರ್‌ನಲ್ಲೂ ದುಡಿದಿದ್ದೇನೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟಿಕೆಟ್ ಪಂಚ್ ಟಕಟಕ ಅನ್ನಿಸುತ್ತ, ಬಸ್ಸು ತಿರುವಿನಲ್ಲಿ ವಾಲುವಾಗಲೇ ಆ ಇಕ್ಕಟ್ಟಿನ ಮೆಟ್ಟಿಲು ಹತ್ತಬೇಕಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಹಳೆಯ ಡೀಸೆಲ್ ಡಬಲ್ ಡೆಕ್ಕರ್‌ಗಳು ಕಡೆಯ ಬಾರಿ ಓಡಿದಾಗ ನೋಡಲೆಂದೇ ಹೋಗಿದ್ದೆ.

ವ್ಯಾಯಾಮಕ್ಕೂ ಹೃದಯಕ್ಕೂ ಸಂಬಂಧವಿದೆ ಎಂದು ಮೊದಲು ತೋರಿಸಿಕೊಟ್ಟವರು ನಮ್ಮಂಥ ಕಂಡಕ್ಟರ್‌ಗಳೇ. ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ದಿನವಿಡೀ ಕುಳಿತ ಚಾಲಕರಿಗಿಂತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ಅದು ಕೆಲಸದ ಶ್ರಮವಲ್ಲದೆ ಮತ್ತೇನು?

ಮಾಟುಂಗಾದ ಅಕ್ಕ

ಕಂಡಕ್ಟರ್ ಸಾಹೇಬರೇ, ಲೆಕ್ಕಕ್ಕಿಲ್ಲ ಎಂದಿಲ್ಲ, ನಡಿಗೆಯಷ್ಟು ಉಪಕಾರವಿಲ್ಲ ಎಂದೆ. ನಿಮ್ಮ ಕೆಲಸ ಹತ್ತುವುದು, ಇಳಿಯುವುದು, ನಡುನಡುವೆ ಸುಧಾರಿಸಿಕೊಳ್ಳುವುದು. ಅಡುಗೆಯವರದು ನಿಂತಲ್ಲೇ ನಿಲ್ಲುವುದು. ಎರಡೂ ಒಂದೇ ಅಲ್ಲ. ಮಾರಿಸ್ ಅವರ ಕಥೆಗೆ ಒಂದು ಬಾಲವೂ ಇದೆ. 1956ರಲ್ಲಿ ಅವರೇ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರೆ, ಚಾಲಕರ ಸೊಂಟದ ಸುತ್ತಳತೆ ಕಂಡಕ್ಟರ್‌ಗಳಿಗಿಂತ ಹೆಚ್ಚಿತ್ತು, ಎಳೆಯ ವಯಸ್ಸಿನವರಲ್ಲೂ. ಅಂದರೆ ಮೆಟ್ಟಿಲಿಗೆ ಪೂರಾ ಕೀರ್ತಿ ಕೊಡುವಂತಿಲ್ಲ. ಆದರೂ ನಿಮ್ಮ ಪಂಚ್‌ಗೆ ನನ್ನದೊಂದು ನಮಸ್ಕಾರ.

ಸಹಕಾರನಗರದ ಹುಬ್ಬಳ್ಳಿಯವ, ಪುಣೆ

ಅಕ್ಕಾ, ಕಂಡಕ್ಟರ್ ಮಾಮಾ, ಎಲ್ಲರಿಗೂ ಧನ್ಯವಾದ. ಈ ಸಲ ವೈದ್ಯರ ಬಳಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಗಿಲ ಬಳಿ ನಿಂತವರು ಗೊಣಗಿದರೂ ಏಳದೆ ಕೇಳಿದೆ. ಮಾತ್ರೆ ಇದ್ದಂತೆ ಇರಲಿ, ಮೂರು ತಿಂಗಳ ಬೆಳಗಿನ ಅಂಕಿಗಳನ್ನು ಬರೆದು ತನ್ನಿ, ಆಮೇಲೆ ನೋಡೋಣ ಎಂದರು. ಪರ್ವತಿಗೂ ಒಪ್ಪಿಗೆ ಸಿಕ್ಕಿದೆ. ಇಂದು ಹತ್ತುವಾಗ ಕಾಕಾಗೆ ನನ್ನ ಮನೆಯ ವಿಳಾಸ ಹೇಳುತ್ತ ಹೋದೆ. ನನಗೆ ತಲೆ ಕೆಟ್ಟಿದೆ ಎಂದು ಅವರು ಮತ್ತೆ ಯಂತ್ರ ತೆಗೆಯುವವರಿದ್ದರು. ಇಳಿದು, ಸ್ನಾನ ಮಾಡಿ, ಕುಳಿತು ನೋಡಿದಾಗ 128/82 ಇತ್ತು.

ಉಳಿದದ್ದು ಗೋಡೆ ಬೈಠಕ್. ಮನೆಯಾಕೆ ಪಟ್ಟು ಹಿಡಿದಿದ್ದಾಳೆ. ನನಗೋ ಬಲ ಮೊಣಕಾಲು ಇಳಿಯುವಾಗ ಚುಳ್ ಎನ್ನುತ್ತದೆ. ವಿಡಿಯೊದವನು ತೊಡೆ ನೆಲಕ್ಕೆ ಸಮಾನಾಂತರವಾಗುವ ತನಕ ಕೂರಬೇಕು ಎನ್ನುತ್ತಾನೆ. ಏನು ಮಾಡಲಿ?

ಮಾಟುಂಗಾದ ಅಕ್ಕ

ವಿಡಿಯೊದವನಿಗೆ ಇಪ್ಪತ್ತೈದು ವಯಸ್ಸಿರಬೇಕು. ಅಷ್ಟು ಕೆಳಗೆ ಹೋಗಬೇಕಿಲ್ಲ. ಪಾದಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಿಟ್ಟು, ಬೆನ್ನನ್ನು ಗೋಡೆಗೆ ಒತ್ತಿ, ಎತ್ತರದ ಸ್ಟೂಲಿನ ಮೇಲೆ ಕೂರುವಷ್ಟು ಮಾತ್ರ ಜಾರಿ. ತೊಡೆ ಉರಿಯಬೇಕು, ಮೊಣಕಾಲು ನೋಯಬಾರದು. ನೋವು ಬಂದರೆ ಎರಡು ಬೆರಳು ಮೇಲೆ ಸರಿಯಿರಿ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮಾಡಿಸುವುದು ಎರಡು ನಿಮಿಷದ ನಾಲ್ಕು ಸುತ್ತು, ನಡುವೆ ಒಂದೆರಡು ನಿಮಿಷ ಬಿಡುವು, ವಾರಕ್ಕೆ ಮೂರು ದಿನ. ನೀವು ಅರ್ಧ ನಿಮಿಷದಿಂದ ಹಿಡಿಯಿರಿ, ವಾರ ವಾರಕ್ಕೂ ಸ್ವಲ್ಪ ಬೆಳೆಸಿ. ಬಾಯಲ್ಲಿ ಎಣಿಕೆ ನಡೆಯುತ್ತಿರಲಿ. ಮೊಣಕಾಲು ಒಪ್ಪದಿದ್ದರೆ ಕೈಯಲ್ಲಿ ಹಿಡಿ ಯಂತ್ರ ಒತ್ತುವ ಕ್ರಮವೂ ಇದೆ, ನಿಮ್ಮ ಪೂರ್ತಿ ಬಲದ ಮೂರನೆಯ ಒಂದು ಪಾಲಿನಷ್ಟು ಬಿಗಿ, ಅದೇ ಎರಡು ನಿಮಿಷ.

ಟೈಲ್ಸ್ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಮಾತ್ರ ಮಾಡಬೇಡಿ, ಜಾರುತ್ತದೆ. ಬರಿಗಾಲಿನಲ್ಲಿ ನಿಲ್ಲಿ, ಮೊದಲ ವಾರ ಪಕ್ಕದಲ್ಲಿ ಮನೆಯವರೂ ಇರಲಿ. ಅವರಿಗೂ ಒಮ್ಮೆ ಬಿಪಿ ನೋಡಿಸಿ. ಗಂಡನ ಅಂಕಿ ಬರೆಯುವ ಹೆಂಗಸರು ತಮ್ಮ ತೋಳಿಗೆ ಪಟ್ಟಿ ಕಟ್ಟಿಕೊಂಡದ್ದನ್ನು ನಾನು ಕಂಡದ್ದು ಕಡಿಮೆ.